ಗುಡಾಣನ ಹೊಟ್ಟೆ

ಏಪ್ರಿಲ್ ೯

ಇಲಿ ಡಾಕ್ಟರಮ್ಮನಿಗೆ,

ಜನರೆಲ್ಲ ಗುಡಾಣ ಎಂದು ಕರೆಯುವ ನಿನ್ನ ಸೋದರಮಾವನ ಆಶೀರ್ವಾದಗಳು. ಎಂದೂ ಬರೆಯದವನು ಈಗ ಯಾಕೆ ಬರೆದ ಎಂದು ಹುಬ್ಬೇರಿಸಬೇಡ. ನನ್ನ ಕಿವಿಯ ಕಥೆ ನಿನಗೆ ಗೊತ್ತೇ ಇದೆ. ಫೋನಿನಲ್ಲಿ ಗೊರಗೊರ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಕಂಪನಿಯ ಯಾರದಾದರೂ ಫೋನಿಗೆ ಸಂದೇಶ ಕಳಿಸಿದರೋ, ಸಂಜೆಯೊಳಗೆ ಪರದೆ ಎಳೆಯುವವನಿಂದ ಹಿಡಿದು ಟಿಕೆಟ್ ಹರಿಯುವವನವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು. ಹಾಗಾಗಿ ಕಾಗದ.

ಹೋದ ವಾರ ನಾಟಕದ ನಡುವೆ ಹೊಟ್ಟೆ ಹಿಡಿದುಕೊಂಡು ಕುಸಿದುಬಿಟ್ಟೆ. ಜನ ಬಿದ್ದು ಬಿದ್ದು ನಕ್ಕರು. ನಮ್ಮ ನಾಟಕ ಕಂಪನಿಯ ಯಜಮಾನಿಯೂ ಪರದೆಯ ಮರೆಯಲ್ಲಿ ನಿಂತು ನಕ್ಕರಂತೆ, ಮುದುಕ ಹೊಸದೇನೋ ಸೇರಿಸಿದ್ದಾನೆ ಎಂದುಕೊಂಡು. ಆಸ್ಪತ್ರೆಗೆ ಹೋದರೆ ಪಿತ್ತಕೋಶದಲ್ಲಿ ಕಲ್ಲು. ಅದು ದೊಡ್ಡ ಸಂಗತಿಯಲ್ಲವಂತೆ. ಆದರೆ ಅದನ್ನು ನೋಡಲು ಹೋದ ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ಮೇಲೆ ಬಟಾಣಿ ಕಾಳಿನಷ್ಟು ನೀರುಗುಳ್ಳೆ ಕಂಡಿದೆ.

ಡಾಕ್ಟರು ಹೇಳಿದ್ದು ಇಷ್ಟು: "ಇದು ಕ್ಯಾನ್ಸರ್ ಅಲ್ಲ. ಆದ್ರೆ ಇಂಥವು ಕೆಲವು ಸಲ ತಿರುಗಿಬೀಳ್ತವೆ. ಜುಲೈ ಒಳಗೆ ದೊಡ್ಡ ಸ್ಕ್ಯಾನ್ ಮಾಡಿಸ್ಕೊಳ್ಳಿ. ಮತ್ತೆ ಈ ಹೊಟ್ಟೆ ಇಳಿಸಿ."

"ಸಾರ್, ಈ ಹೊಟ್ಟೇನೇ ನನ್ನ ಹೊಟ್ಟೆಪಾಡು" ಎಂದೆ. ಅವರಿಗೆ ನಗು ಬರಲಿಲ್ಲ.

ನೀನು ದಪ್ಪ ಇಲಿಗಳನ್ನಿಟ್ಟುಕೊಂಡು ಇದನ್ನೇ ಅಲ್ಲವೇ ನೋಡುತ್ತಿರುವುದು? ನನಗೆ ಅರ್ಥವಾಗುವ ಹಾಗೆ ಹೇಳು. ಮುಂದೆ ಜೋತುಬಿದ್ದಿರುವ ಕೊಬ್ಬಿಗೂ ಒಳಗೆಲ್ಲೋ ಬೆನ್ನಿಗಂಟಿಕೊಂಡಿರುವ ಗ್ರಂಥಿಗೂ ಎಲ್ಲಿಯ ನಂಟು?

ಅಮ್ಮನಿಗೆ ಹೇಳಬೇಡ. ನಾನು ಸೀನಿದರೂ ಚೀಲ ತುಂಬಿಕೊಂಡು ಹೊರಡುವ ಪೈಕಿ ನನ್ನ ತಂಗಿ.

ಮಾವ


ಏಪ್ರಿಲ್ ೨೦

ಮಾವ,

ಕಾಗದವನ್ನು ಪ್ರಯೋಗಾಲಯದ ವಿಳಾಸಕ್ಕೆ ಹಾಕಿದ್ದು ಒಳ್ಳೆಯದಾಯಿತು. ಮನೆಗೆ ಬಂದಿದ್ದರೆ ಅಮ್ಮ ಒಡೆದು ಓದಿ ಈಗಾಗಲೇ ನಿನ್ನ ಬಿಡಾರದಲ್ಲಿರುತ್ತಿದ್ದಳು.

ಮೊದಲು ಭಯ ಬಿಡು. ಇಂಥ ಗುಳ್ಳೆಗಳು ನಿನ್ನ ವಯಸ್ಸಿನ ಬಹಳ ಜನರಲ್ಲಿರುತ್ತವೆ. ಹೆಚ್ಚಿನವು ಸಾಯುವತನಕ ಸುಮ್ಮನಿರುತ್ತವೆ.

ಇನ್ನು ನಂಟಿನ ಮಾತು. ಕೊಬ್ಬು ಎಂದರೆ ದೇಹ ಮೂಲೆಗೆ ತಳ್ಳಿದ ಮೂಟೆ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಹಾಗಲ್ಲ, ಅದೂ ಗ್ರಂಥಿಯ ಕೆಲಸ ಮಾಡುತ್ತದೆ, ಹಗಲಿರುಳು ರಕ್ತಕ್ಕೆ ಹಾರ್ಮೋನು ಸುರಿಯುತ್ತದೆ. ಅದರಲ್ಲಿ ಲೆಪ್ಟಿನ್ ಎಂಬುದೊಂದು. 'ಹೊಟ್ಟೆ ತುಂಬಿತು, ಇನ್ನು ಸಾಕು' ಎಂದು ಮಿದುಳಿಗೆ ತಿಳಿಸುವುದು ಅದರ ಕೆಲಸ. ಕೊಬ್ಬು ಬೆಳೆದಷ್ಟೂ ಲೆಪ್ಟಿನ್ ಹೆಚ್ಚಾಗುತ್ತದೆ, ಮಿದುಳು ಮಾತ್ರ ಅದರ ಮಾತಿಗೆ ಬೆಲೆ ಕೊಡುವುದನ್ನು ಬಿಟ್ಟುಬಿಡುತ್ತದೆ. ಆದರೆ ಮೇದೋಜೀರಕದಲ್ಲಿ ಹಾದಿ ತಪ್ಪಿದ ಜೀವಕೋಶ ಯಾವುದಾದರೂ ಇದ್ದರೆ ಅದು ಆ ಲೆಪ್ಟಿನ್ನಿನಿಂದ ಚುರುಕಾಗಿ ಬೆಳೆಯಬಹುದು. ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನಿದೆ. ಅದು ಉರಿಯೂತವನ್ನು ತಣ್ಣಗಿಡುವ ಒಳ್ಳೆಯ ಪಾತ್ರ. ದಪ್ಪಗಾದಂತೆ ಅದು ಕಡಿಮೆಯಾಗುತ್ತದೆ. ಇಷ್ಟು ಸಾಲದು ಎಂದು ಇನ್ಸುಲಿನ್ ಬೇರೆ ಏರುತ್ತದೆ.

ಒಂದೇ ಕೆಟ್ಟ ಜೀನ್ ಇರುವ ಇಲಿಗಳನ್ನು ನಾವು ಎರಡು ಪಂಗಡ ಮಾಡಿ, ಒಂದನ್ನು ತೆಳ್ಳಗೆ, ಇನ್ನೊಂದನ್ನು ದಪ್ಪಗೆ ಬೆಳೆಸುತ್ತೇವೆ. ದಪ್ಪ ಇಲಿಗಳಲ್ಲಿ ಗೆಡ್ಡೆ ಸ್ವಲ್ಪ ಬೇಗ ಬರುತ್ತದೆ. ಇಲಿಯಲ್ಲಿ ಆದದ್ದು ಮನುಷ್ಯರಲ್ಲೂ ಹಾಗೇ ಆಗಬೇಕೆಂದಿಲ್ಲ. ಆದರೂ ನಿನ್ನ ಡಾಕ್ಟರು ಹೇಳಿದ್ದು ಸರಿ. ಹೊಟ್ಟೆ ಇಳಿಸು. ಜುಲೈ ಸ್ಕ್ಯಾನ್ ತಪ್ಪಿಸಬೇಡ. ತೂಕ ಬರೆಯುತ್ತಿರು.

ಅಮ್ಮನಿಗೆ ಹೇಳುವುದಿಲ್ಲ.

ನಿನ್ನ ಸೊಸೆ


ಜೂನ್ ೨

ಇಲಿ ಡಾಕ್ಟರಮ್ಮನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನನ್ನ ಹೊಟ್ಟೆ ನನ್ನ ಹಿಂದೆ ಇಷ್ಟೆಲ್ಲ ಕಿತಾಪತಿ ನಡೆಸುತ್ತಿದೆ ಎಂದು ಗೊತ್ತಿರಲಿಲ್ಲ. ಹಿಂದೆ ಎಲ್ಲಿ ಬಂತು, ಮುಂದೆ ಅನ್ನು.

ಇಲ್ಲಿ ನನ್ನ ಸ್ಥಿತಿ ಕೇಳು. ಬೆಳಿಗ್ಗೆ ಒಂದು ಮೊಟ್ಟೆ, ಮಧ್ಯಾಹ್ನ ಉಪ್ಪಿಲ್ಲದ ಬೇಯಿಸಿದ ತರಕಾರಿ, ರಾತ್ರಿ ನಾಲ್ಕು ಚಮಚ ಸೂಪು. ಉಳಿದವರು ಉಣ್ಣುವಾಗ ನಾನು ಹೊರಗೆ ಹೋಗಿ ಬೀದಿದೀಪ ನೋಡುತ್ತ ನಿಲ್ಲುತ್ತೇನೆ. ಅಡುಗೆಯವನಿಗೆ ಅವಮಾನವಾಗಿ ನನ್ನೊಡನೆ ಮಾತು ಬಿಟ್ಟಿದ್ದಾನೆ.

ಎರಡನೆಯ ಅಂಕದಲ್ಲಿ ನಾನು ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುವ ದೃಶ್ಯ ನೆನಪಿದೆಯಲ್ಲ? ನೀನು ಚಿಕ್ಕವಳಿದ್ದಾಗ ಆ ದೃಶ್ಯಕ್ಕೇ ಹಟ ಹಿಡಿದು ಬರುತ್ತಿದ್ದೆ. ಮೊನ್ನೆ ಆ ಬಾಗಿಲು ನನಗೆ ಸಡಿಲವಾಗಿಬಿಟ್ಟಿತ್ತು. ಸಿಕ್ಕಿಕೊಂಡವನ ಹಾಗೆ ಕೈಕಾಲು ಆಡಿಸಿದೆ. ಎರಡು ಬೆರಳು ಸಂದು ಮುಂದಿನ ಸಾಲಿನವರಿಗೆ ಕಂಡಿರಬೇಕು, ಯಾರೂ ನಗಲಿಲ್ಲ.

ಯಜಮಾನಿ ಒಳಗೆ ಬಂದವರೇ ಕೇಳಿದರು: "ಏನ್ರೀ ಗುಡಾಣ, ಬಾಗಿಲು ದೊಡ್ಡದಾಯ್ತಾ, ನೀವು ಚಿಕ್ಕೋರಾದ್ರಾ?"

"ಮರ ಒಣಗಿದೆ ಅಮ್ಮಾ, ಅಗಲ ಆಗಿದೆ" ಎಂದೆ.

"ನೋಡಿ, ಪೋಸ್ಟರ್‌ನಲ್ಲಿರೋದು ನಿಮ್ಮ ಮುಖ ಅಲ್ಲ, ಹೊಟ್ಟೆ. ನೆನಪಿರ್ಲಿ."

ಅವರು ಕೆಟ್ಟವರಲ್ಲ. ಜನ ಕಡಿಮೆಯಾಗುತ್ತಿದ್ದಾರೆ. ಪಿಟೀಲಿನವನು ಕಳೆದ ತಿಂಗಳು ಕಂಪನಿ ಬಿಟ್ಟು ಮಗಳ ಮನೆ ಸೇರಿಕೊಂಡ. ಈಗ ಸಂಗೀತವೆಲ್ಲ ಯಂತ್ರದಿಂದ. ಮುಂದಿನ ಸರದಿ ನನ್ನದಾಗಬಾರದಲ್ಲ.

ತೂಕ ನಾಲ್ಕು ಕಿಲೋ ಇಳಿದಿದೆ.

ಮಾವ


ಜೂನ್ ೧೮

ಮಾವ,

ನಾಲ್ಕು ಕಿಲೋ! ಇಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಪಕ್ಕದ ಮೇಜಿನವಳು ತಿರುಗಿ ನೋಡಿದಳು.

ಬಾಗಿಲಿನ ವಿಷಯ ಓದಿ ಬೇಜಾರಾಯಿತು. ಆದರೆ ಬಡಗಿಯ ಹತ್ತಿರ ಹೇಳಿ ಬಾಗಿಲನ್ನೇ ಕಿರಿದು ಮಾಡಿಸಬಹುದು. ನಿನ್ನ ಒಳಗಿರುವುದನ್ನು ಬದಲಾಯಿಸಲು ಬಡಗಿಗಳಿಲ್ಲ. ನಿಲ್ಲಿಸಬೇಡ. ಸ್ಕ್ಯಾನ್ ಯಾವ ದಿನ ಎಂದು ಗೊತ್ತಾದ ಕೂಡಲೇ ಬರೆ.

ಸೊಸೆ


ಆಗಸ್ಟ್ ೨೫

ಡಾಕ್ಟರಮ್ಮನಿಗೆ,

ತಡವಾಯಿತು. ಊರಿಂದ ಊರಿಗೆ ಹೋಗುವುದರಲ್ಲೇ ಎರಡು ತಿಂಗಳು ಕಳೆಯಿತು.

ಸ್ಕ್ಯಾನ್ ಮಾಡಿಸಿಕೊಂಡೆ. ಗುಳ್ಳೆ ಇದ್ದಷ್ಟೇ ಇದೆ, ಕದಲಿಲ್ಲ. ನಿಶ್ಚಿಂತೆಯಿಂದಿರು.

ತೂಕ ಹದಿನಾಲ್ಕು ಕಿಲೋ ಕಡಿಮೆಯಾಗಿದೆ. ಮೊದಲಿನ ಹಾಗೆ ಹಲ್ಲು ಕಚ್ಚಿಕೊಂಡು ಊಟ ಬಿಡಬೇಕಾಗಿಲ್ಲ ಈಗ. ತಟ್ಟೆ ನೋಡಿದರೆ ಸಾಕು ಎನಿಸುತ್ತದೆ. ನಿನ್ನ ಲೆಪ್ಟಿನ್ ಕೊನೆಗೂ ಬಾಯಿ ಮುಚ್ಚಿಕೊಂಡಿತು ಎಂದು ಕಾಣುತ್ತದೆ.

ಸ್ವಲ್ಪ ಆಯಾಸ. ಸೆಕೆ ಜಾಸ್ತಿ.

ಮಾವ


ಸೆಪ್ಟೆಂಬರ್ ೩

ನನ್ನ ಬಂಗಾರದ ಮಾವ,

ನಿನ್ನ ಕಾಗದವನ್ನು ಪಕ್ಕದ ಮೇಜಿನವಳಿಗೂ ಓದಿ ಹೇಳಿದೆ. ತಟ್ಟೆ ನೋಡಿದರೆ ಸಾಕೆನಿಸುವುದು ಒಳ್ಳೆಯ ಲಕ್ಷಣ. ಲೆಪ್ಟಿನ್ ಬಾಯಿ ಮುಚ್ಚಿಕೊಂಡದ್ದಲ್ಲ, ಮಿದುಳು ಇಷ್ಟು ವರ್ಷಗಳ ಮೇಲೆ ಅದರ ಮಾತು ಕೇಳತೊಡಗಿದೆ. ನನ್ನ ಇಲಿಗಳಿಗಿಂತ ನೀನೇ ಹೇಳಿದ ಮಾತು ಕೇಳುವವನು.

ಆಯಾಸಕ್ಕೆ ನೀರು ಹೆಚ್ಚು ಕುಡಿ. ಡಿಸೆಂಬರಿನಲ್ಲಿ ಬರುತ್ತೇನೆ, ತೆಳ್ಳಗಿನ ಮಾವನನ್ನು ಗುರುತು ಹಿಡಿಯಬೇಕಲ್ಲ, ಕೈಯಲ್ಲಿ ಹೂ ಹಿಡಿದು ನಿಂತಿರು.

ನಿನ್ನ ಸೊಸೆ


ಸೆಪ್ಟೆಂಬರ್ ೧೯

ಮಾವನವರಿಗೆ ನಮಸ್ಕಾರ.

ನಿನ್ನೆಯ ಪತ್ರಿಕೆಯ ಪುರವಣಿಯಲ್ಲಿ ನಿಮ್ಮ ಕಂಪನಿಯ ಬಗ್ಗೆ ಬಂದಿದೆ. ಈ ತಿಂಗಳ ಪ್ರದರ್ಶನದ ಫೋಟೋ ಎಂದು ಅಡಿಯಲ್ಲಿ ಸ್ಪಷ್ಟವಾಗಿ ಹಾಕಿದ್ದಾರೆ. ನೀವು ಬಾಗಿಲಲ್ಲಿ ಸಿಕ್ಕಿಕೊಂಡಿದ್ದೀರಿ. ನಿಮ್ಮ ಹೊಟ್ಟೆ ಎಂದಿನ ಹಾಗೆಯೇ ಇದೆ. ಎಂದಿಗಿಂತ ದೊಡ್ಡದಾಗಿದೆ ಎಂದರೂ ತಪ್ಪಿಲ್ಲ.

ಹದಿನಾಲ್ಕು ಕಿಲೋ ಎಂದು ಬರೆಯುವ ಅಗತ್ಯ ಏನಿತ್ತು? ನಾನೇನು ಟಿಕೆಟ್ ಕೊಂಡು ಬಂದ ಪ್ರೇಕ್ಷಕಳೇ, ನನ್ನನ್ನು ಖುಷಿಪಡಿಸಲು? ನಿಮ್ಮ ಕಾಗದವನ್ನು ನಾನು ನಾಲ್ಕು ಜನರಿಗೆ ಓದಿ ಹೇಳಿದ್ದೆ.

ಸ್ಕ್ಯಾನ್ ಆದರೂ ನಿಜವೇ? ಅದೊಂದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಇಂತು


ಅಕ್ಟೋಬರ್ ೬

ಮಗೂ,

'ನೀವು' ಎಂದು ಬರೆದಿದ್ದೀಯ. ಮಾತು ಕಲಿತಾಗಿನಿಂದ ಒಂದು ದಿನವೂ ನೀನು ನನಗೆ ಹಾಗೆ ಅಂದವಳಲ್ಲ. ಕಾಗದ ಮಡಿಸಿಟ್ಟು ಮತ್ತೆ ಬಿಚ್ಚಿ ಆ ಒಂದಕ್ಷರವನ್ನೇ ನೋಡಿದೆ.

ಸಿಕ್ಕಿಬಿದ್ದೆ, ಏನು ಮಾಡಲಿ. ಫೋಟೋ ಸುಳ್ಳು ಹೇಳುತ್ತದೆಯೇ? ನಿನ್ನ ಮಾವ ತಿಂಡಿಪೋತ, ಬಾಯಿ ಬಡಾಯಿಯವನು, ಇದು ಹೊಸ ಸುದ್ದಿಯಲ್ಲ. ಬೈದುಬಿಡು, ಆದರೆ 'ನೀನು' ಎಂದು ಬೈ. ಸ್ಕ್ಯಾನ್ ಮಾತ್ರ ನಿಜ. ಅದರ ಬಗ್ಗೆ ಕೊರಗಬೇಡ.

ಇನ್ನೊಂದು ವಿಷಯ. ನಮ್ಮ ಪಿಟೀಲಿನವನಿದ್ದಾನಲ್ಲ, ಅವನದೊಂದು ಪ್ರಶ್ನೆ. ನನ್ನದೇ ವಯಸ್ಸು. ಇತ್ತೀಚೆಗೆ ಸುಮ್ಮಸುಮ್ಮನೆ ಇಳಿದುಹೋಗುತ್ತಿದ್ದಾನೆ. ಮೊದಲು ಪಥ್ಯ ಮಾಡಿದ್ದನಂತೆ, ಅದನ್ನು ಬಿಟ್ಟ ಮೇಲೂ ತೂಕ ನಿಲ್ಲಲಿಲ್ಲ. ಊಟವಾದ ಮೇಲೆ ಹೊಟ್ಟೆಯಿಂದ ಬೆನ್ನಿಗೆ ಸಲಾಕೆ ಚುಚ್ಚಿದ ಹಾಗಾಗುತ್ತದೆ; ಮುಂದಕ್ಕೆ ಬಾಗಿ ಕೂತರೆ ವಾಸಿ. ಎಂದೂ ಇಲ್ಲದ ಸಕ್ಕರೆ ಕಾಯಿಲೆ ಬಂದಿದೆ ಎಂದು ಔಷಧದಂಗಡಿಯವನು ಬೆರಳು ಚುಚ್ಚಿ ಹೇಳಿದ. ಬರೆಯಬಾರದ್ದು, ಆದರೂ ಬರೆಯುತ್ತೇನೆ: ಹೊರಗೆ ಹೋದರೆ ಬಿಳುಚಿಕೊಂಡು ಎಣ್ಣೆಎಣ್ಣೆಯಾಗಿ ಹೋಗುತ್ತದಂತೆ. ಪಾಪ, ಹೆದರಿದ್ದಾನೆ. ಏನಿರಬಹುದು? ಮುಚ್ಚುಮರೆಯಿಲ್ಲದೆ ಬರೆ. ನಾನು ಅವನಿಗೆ ಹದವಾಗಿ ಹೇಳುತ್ತೇನೆ.

ಮಾವ


ಅಕ್ಟೋಬರ್ ೧೩

ಮಾವ,

ನಿನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. 'ನೀನು' ಎಂದಿದ್ದೇನೆ, ಅಷ್ಟರಲ್ಲಿ ತೃಪ್ತಿಪಡು.

ನಿನ್ನ ಸ್ನೇಹಿತರ ವಿಷಯ ಕಾಯುವಂಥದ್ದಲ್ಲ. ಈ ಕಾಗದ ಓದಿದ ದಿನವೇ ಅವರನ್ನು ದೊಡ್ಡ ಆಸ್ಪತ್ರೆಗೆ ಕಳಿಸು. ಆ ವಯಸ್ಸಿನಲ್ಲಿ ಹೊಸದಾಗಿ ಸಕ್ಕರೆ ಬಂದು, ಜೊತೆಗೇ ತೂಕ ಇಳಿದರೆ ಮೊದಲು ಮೇದೋಜೀರಕವನ್ನು ನೋಡಬೇಕು. ಬೆನ್ನಿನ ನೋವು, ಮಲದ ಬಣ್ಣ ಎಲ್ಲ ಅತ್ತಲೇ ಬೆರಳು ತೋರಿಸುತ್ತಿವೆ. ಕಣ್ಣು ಹಳದಿಯಾಗಿದೆಯೇ, ಮೈ ತುರಿಸುತ್ತದೆಯೇ ಕೇಳು.

ಮುಚ್ಚುಮರೆ ಬೇಡ ಎಂದೆಯಲ್ಲ, ಹೇಳುತ್ತೇನೆ. ಕೊಬ್ಬು ಗೆಡ್ಡೆಯನ್ನು ಬೆಳೆಸುತ್ತದೆ ಎಂದು ಬರೆದಿದ್ದೆ. ಗೆಡ್ಡೆ ಬೇರೂರಿದ ಮೇಲೆ ಅದೇ ಕೊಬ್ಬನ್ನು ಕರಗಿಸತೊಡಗುತ್ತದೆ. ಈ ಬೇಸಿಗೆಯಲ್ಲಿ ನಮ್ಮ ಒಂದು ದಪ್ಪ ಇಲಿ ತಾನಾಗಿಯೇ ಸಣ್ಣಗಾಗುತ್ತಿತ್ತು. ಪಕ್ಕದ ಮೇಜಿನವಳು "ನೋಡೇ, ಇದೊಂದು ಚೆನ್ನಾಗಿ ಪಥ್ಯ ಮಾಡ್ತಿದೆ" ಎಂದು ನಕ್ಕಳು. ನಾನೂ ನಕ್ಕೆ. ವಾರ ಕಳೆದು ಕೊಯ್ದು ನೋಡಿದರೆ ಒಳಗೆ ಗೆಡ್ಡೆ. ಹೊರಗೆ ಏನೂ ಗೊತ್ತಾಗುವ ಮೊದಲೇ ಕೊಬ್ಬು ಕರಗಿರುತ್ತದೆ.

ಈ ಕಾಯಿಲೆಯನ್ನು ಬಹಳ ಜನ ತಡವಾಗಿ ಕಂಡುಕೊಳ್ಳುತ್ತಾರೆ, ಆಮೇಲೆ ಕೊಯ್ಯಲು ಬರುವುದಿಲ್ಲ. ಬೇಗ ಸಿಕ್ಕಿದರೆ ದಾರಿಯಿದೆ. ಅವರನ್ನು ಹೆದರಿಸದೆ, ಆದರೆ ಕೈಹಿಡಿದು ಕರೆದುಕೊಂಡು ಹೋಗು.

ಒಂದು ಮಾತು ಹೇಳಲೇ? ಇದನ್ನೆಲ್ಲ ಬರೆಯುವಾಗ, ಸದ್ಯ ನನ್ನ ಮಾವ ತಿಂಡಿಪೋತನಾಗಿಯೇ ಉಳಿದ ಎಂದು ಮೊದಲ ಸಲ ಸಮಾಧಾನವಾಯಿತು.

ಸೊಸೆ


ಅಕ್ಟೋಬರ್ ೧೫

ಮಾವ,

ಪಿಟೀಲಿನವರು ಮೇ ತಿಂಗಳಲ್ಲೇ ಕಂಪನಿ ಬಿಟ್ಟು ಹೋದರು. ಜೂನ್ ತಿಂಗಳಲ್ಲಿ ನೀನೇ ಬರೆದಿದ್ದೀಯ. ಇವತ್ತು ನಿನ್ನ ಹಳೆಯ ಕಾಗದಗಳನ್ನು ತೆಗೆದು ಓದಿದೆ.

ಆ ಫೋಟೋವನ್ನೂ ಮತ್ತೆ ನೋಡಿದೆ. ಸಿಟ್ಟಿನಲ್ಲಿ ಹೊಟ್ಟೆಯೊಂದನ್ನೇ ನೋಡಿದ್ದೆ. ನಿನ್ನ ಕೊರಳಪಟ್ಟಿಯೊಳಗೆ ಮೂರು ಬೆರಳು ತೂರಿಸುವಷ್ಟು ಜಾಗ ಇದೆ. ಕೈಗಡಿಯಾರ ಜಾರಿ ಅಂಗೈಗೆ ಬಂದಿದೆ. ಕೆನ್ನೆಗಳು ಎಲ್ಲಿ ಹೋದವು ಮಾವ? ಆ ಹೊಟ್ಟೆ ಯಾರದು?

ಸ್ಕ್ಯಾನ್ ಆಗಿಲ್ಲ ಅಲ್ಲವಾ?

ನಿಮ್ಮ ಟಿಕೆಟ್ ಕಿಟಕಿಯ ಫೋನಿಗೆ ಬೆಳಿಗ್ಗೆಯಿಂದ ಮಾಡುತ್ತಿದ್ದೇನೆ, ಯಾರೂ ಎತ್ತುತ್ತಿಲ್ಲ. ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಗುಟ್ಟು ಹಾಳಾಗಿಹೋಗಲಿ. ಯಾರ ಕೈಯಿಂದಲಾದರೂ ನನಗೆ ಫೋನು ಮಾಡಿಸು. ಮೊನ್ನೆಯ ಕಾಗದವನ್ನು ಒಬ್ಬನೇ ಕೂತು ಓದಬೇಡ. ಓದಿಬಿಟ್ಟಿದ್ದರೆ, ಈಗಲೇ ಎದ್ದು ಹೊರಡು.

ನಾನು


ಅಕ್ಟೋಬರ್ ೨೩

ಮಗೂ,

ಇದು ಆಸ್ಪತ್ರೆಯ ಹಾಸಿಗೆಯಿಂದ. ನರ್ಸು ನಿನಗೆ ಫೋನಿನಲ್ಲಿ ಹೇಳಿದ್ದರ ಮೇಲೆ ಹೇಳಲು ಉಳಿದಿರುವುದು ಕಡಿಮೆ. ಆದರೂ ನನ್ನ ಬಾಯಿಂದ ನೀನು ಕೇಳಬೇಕು.

ಜುಲೈ ತಿಂಗಳಲ್ಲಿ ಸ್ಕ್ಯಾನಿಗೆಂದು ಹೊರಟೆ. ಆಸ್ಪತ್ರೆಯ ಮುಂದಿನ ಬೆಂಚಿನವರೆಗೆ ಹೋದೆ, ಕೂತೆ, ತಿರುಗಿ ಬಂದೆ. ತೂಕ ಇಳಿಯುತ್ತಿತ್ತಲ್ಲ, ನೀನು ಹೇಳಿದ ಕೆಲಸ ಆಗುತ್ತಿದೆ, ಇನ್ನೇಕೆ ಹೆದರಿಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಗಸ್ಟಿನಲ್ಲಿ ಪಥ್ಯ ನಿಲ್ಲಿಸಿದೆ. ನಾಟಕಕ್ಕೆ ಹೊಟ್ಟೆ ಬೇಕಿತ್ತು. ಬೆಣ್ಣೆ ತಿಂದೆ, ಸಿಹಿ ತಿಂದೆ. ತೂಕ ಮಾತ್ರ ಇಳಿಯುತ್ತಲೇ ಹೋಯಿತು. ಆವತ್ತೇ ನನಗೆ ಒಳಗೊಳಗೆ ಗೊತ್ತಾಗಿತ್ತು ಎಂದು ಕಾಣುತ್ತದೆ. ಗೊತ್ತಾದದ್ದನ್ನು ಗೊತ್ತಿಲ್ಲದ ಹಾಗೆ ಇಟ್ಟುಕೊಳ್ಳುವುದು ನಮ್ಮ ಕಸುಬಿನಲ್ಲಿ ಅಭ್ಯಾಸವಾಗಿಬಿಡುತ್ತದೆ.

ಕಂಪನಿಯ ದರ್ಜಿ ನನಗೆ ಹತ್ತಿಯ ಹೊಟ್ಟೆಯೊಂದನ್ನು ಹೊಲಿದುಕೊಟ್ಟ. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದೆ. ಪ್ರತಿ ಎರಡು ವಾರಕ್ಕೊಮ್ಮೆ ಅದರೊಳಗೆ ಇನ್ನಷ್ಟು ಹತ್ತಿ ತುರುಕುತ್ತಿದ್ದ. ಒಂದು ದಿನ ಸೂಜಿ ಕೆಳಗಿಟ್ಟು ಕೇಳಿದ: "ಅಣ್ಣಾ, ಇನ್ನು ಎಷ್ಟು ತುಂಬ್ಲಿ? ನೀವೇ ಇಲ್ವಲ್ಲ ಒಳಗೆ."

ನೀನು ಪತ್ರಿಕೆಯಲ್ಲಿ ನೋಡಿದ್ದು ಆ ಹೊಟ್ಟೆಯನ್ನು. ನೀನು ನನ್ನನ್ನು ಸುಳ್ಳುಗಾರ ಎಂದುಕೊಂಡಾಗ ನಿಜ ಹೇಳಬೇಕು ಎನಿಸಿತು. ಆದರೆ ನಾನು ಇನ್ನೂ ದಪ್ಪಗಿದ್ದೇನೆ ಎಂದು ನಂಬಿದವರು ನನ್ನವರಲ್ಲಿ ಒಬ್ಬರಾದರೂ ಇರಲಿ ಎನಿಸಿತು. ಅದಕ್ಕೇ ಪಿಟೀಲಿನವನ ಹೆಸರು ಹೇಳಿದೆ.

ನಿನ್ನ ಉತ್ತರ ಬಂದಾಗ ಮುಖಕ್ಕೆ ಬಣ್ಣ ಹಚ್ಚುತ್ತಿದ್ದೆ. ಕಣ್ಣು ಹಳದಿಯಾಗಿದೆಯೇ ಕೇಳು ಎಂದು ಬರೆದಿದ್ದೆಯಲ್ಲ, ಕನ್ನಡಿಗೆ ಹತ್ತಿರ ಹೋದೆ. ಮುಖದ ಹಳದಿಯನ್ನು ಬಣ್ಣ ಮುಚ್ಚಿತ್ತು. ಕಣ್ಣಿಗೆ ಹಚ್ಚುವ ಬಣ್ಣ ಇನ್ನೂ ಬಂದಿಲ್ಲ.

ಯಜಮಾನಿ ಕರೆಯಲು ಬಂದರು. ನಾನು ಎದ್ದು ನಿಂತು ಅಂಗಿಯ ಗುಂಡಿ ಬಿಚ್ಚಿ ಹತ್ತಿಯ ಹೊಟ್ಟೆ ತೆಗೆದು ಕುರ್ಚಿಯ ಮೇಲಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಯಾವಾಗಿಂದ?"

"ಪೋಸ್ಟರ್‌ನಲ್ಲಿರೋದು ನನ್ನ ಮುಖ ಅಲ್ಲ ಅಂದ್ರಲ್ಲ, ಆವಾಗಿಂದ."

ಅದನ್ನು ಹೇಳಬಾರದಿತ್ತು. ಅವರು ವೇದಿಕೆಗೆ ಹೋಗಿ, ಇವತ್ತು ಆಟ ಇಲ್ಲ, ಕ್ಷಮಿಸಿ ಎಂದು ಜನರನ್ನು ಕಳಿಸಿದರು. ಆಮೇಲೆ ತಾವೇ ಗಾಡಿ ಓಡಿಸಿಕೊಂಡು ನನ್ನನ್ನು ಇಲ್ಲಿಗೆ ತಂದುಹಾಕಿದರು. ದಾರಿಯುದ್ದಕ್ಕೂ ನನ್ನನ್ನು ಬೈದರು, ಅತ್ತರು, ಮತ್ತೆ ಬೈದರು.

ಗ್ರಂಥಿಯ ತಲೆಯ ಭಾಗದಲ್ಲಿ ಗಂಟು. ಅದು ಪಿತ್ತದ ನಾಳವನ್ನು ಒತ್ತಿದ್ದರಿಂದ ಕಣ್ಣು ಹಳದಿಯಾಯಿತಂತೆ. ಸರ್ಜನ್ ಹೇಳಿದ್ದು: "ಹಳದಿ ಆಗಿದ್ದು ಒಂದು ರೀತಿ ಪುಣ್ಯ. ಇಲ್ದಿದ್ರೆ ಇನ್ನೂ ತಡವಾಗಿ ಬರ್ತಿದ್ರಿ." ರಕ್ತನಾಳಕ್ಕೆ ಅಂಟಿಕೊಂಡಿದೆಯೋ ಇಲ್ಲವೋ ಸ್ಕ್ಯಾನಿನಲ್ಲಿ ಖಚಿತವಾಗುತ್ತಿಲ್ಲ. ತೆರೆದು ನೋಡಬೇಕು. ಅಂಟಿಕೊಂಡಿದ್ದರೆ ಹಾಗೆಯೇ ಮುಚ್ಚುತ್ತಾರೆ. ಗುರುವಾರ ಬೆಳಿಗ್ಗೆ.

ಹೆದರಿಕೆಯಾಗುತ್ತಿದೆ ಮಗೂ. ಇದನ್ನು ತಮಾಷೆಯಾಗಿ ಹೇಳಲು ನನಗೆ ಬರುತ್ತಿಲ್ಲ.

ಮಾವ


ಅಕ್ಟೋಬರ್ ೨೬

ಮಾವ,

ಅಮ್ಮನಿಗೆ ಹೇಳಿದೆ. ಅವಳು ಒಲೆ ಆರಿಸಿದಳು, ಕೈ ಒರೆಸಿಕೊಂಡಳು, "ಎಷ್ಟು ದಿನದಿಂದ ನಿಂಗೆ ಗೊತ್ತು?" ಎಂದಳು. ಏಪ್ರಿಲಿನಿಂದ ಎಂದೆ. ಕೆನ್ನೆಗೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. "ಅವ್ನು ಹುಟ್ಟಾ ನಾಟಕದವ್ನು. ನೀನು ಯಾವಾಗ ಕಲ್ತೆ?" ಎಂದು ಚೀಲ ತೆಗೆದಳು.

ರಾತ್ರಿಯ ರೈಲಿಗೆ ಹೊರಡುತ್ತಿದ್ದೇವೆ. ಈ ಕಾಗದಕ್ಕಿಂತ ಮೊದಲೇ ನಾವು ತಲುಪುತ್ತೇವೆ. ಆದರೂ ಬರೆಯುತ್ತಿದ್ದೇನೆ, ನಿನ್ನ ಮುಖ ನೋಡಿ ಹೇಳಲಾರೆ. ದಪ್ಪ ಇಲಿಗಳಲ್ಲಿ ಗೆಡ್ಡೆ 'ಸ್ವಲ್ಪ' ಬೇಗ ಬರುತ್ತದೆ ಎಂದು ಬರೆದಿದ್ದೆ. ಸ್ವಲ್ಪ ಅಲ್ಲ ಮಾವ. ನನ್ನ ಗೂಡುಗಳಲ್ಲಿ ದಪ್ಪ ಇಲಿಗಳು ಹೆಚ್ಚೂಕಡಿಮೆ ಎಲ್ಲವೂ ಹೋದವು, ತೆಳ್ಳಗಿನವು ಓಡಾಡಿಕೊಂಡಿದ್ದವು. ನೀನು ಹೆದರಬಾರದೆಂದು ಹಾಗೆ ಬರೆದೆ. ಆದರೆ ನಾನು ಹೆದರಿದ್ದೆ. ಆ ಹೆದರಿಕೆಯಲ್ಲಿ ನಿನ್ನ ತೂಕ ಇಳಿಯುವುದೊಂದನ್ನೇ ಕಾಯುತ್ತಿದ್ದೆ. ಇಳಿದಾಗ, ಹೇಗೆ ಇಳಿಯಿತು ಎಂದು ಕೇಳಲೇ ಇಲ್ಲ. ತಟ್ಟೆ ನೋಡಿದರೆ ಸಾಕೆನಿಸುತ್ತದೆ ಎಂದು ನೀನು ಬರೆದಾಗ ನಾನು ಸಂಭ್ರಮಪಟ್ಟೆ. ಬೇರೆ ಯಾರಾದರೂ ಬರೆದಿದ್ದರೆ ಮೊದಲ ಸಾಲಿಗೇ ಎಚ್ಚರವಾಗುತ್ತಿತ್ತು.

ಗುರುವಾರ ಒಳಗೆ ಹೋಗುವ ಮೊದಲು ನಮ್ಮಿಬ್ಬರನ್ನೂ ನೋಡುತ್ತೀಯ.

ನಿನ್ನ ಸೊಸೆ


ಫೆಬ್ರವರಿ ೨೦

ಇಲಿ ಡಾಕ್ಟರಮ್ಮನಿಗೆ,

ನಿನ್ನಮ್ಮನನ್ನು ನಿನ್ನೆ ರೈಲು ಹತ್ತಿಸಿದೆ. ಮೂರೂವರೆ ತಿಂಗಳು ನನ್ನ ಉಸಿರನ್ನೂ ಅಳೆದಳು. ಬಿಡಾರ ಈಗ ಬಿಕೋ ಎನ್ನುತ್ತಿದೆ. ಅದಕ್ಕೇ ಕಾಗದ.

ನೀನು ಹೋದ ಮೇಲಿನ ಸುದ್ದಿ. ಆಪರೇಷನ್ ದಿನ ಸರ್ಜನ್ ಹೊರಗೆ ಬಂದು "ಅಂಟಿಕೊಂಡಿರ್ಲಿಲ್ಲ, ತೆಗೆದಿದ್ದೀವಿ" ಎಂದಾಗ ನೀನು ನೆಲದ ಮೇಲೆ ಕೂತುಬಿಟ್ಟೆಯಂತೆ; ನಿನ್ನಮ್ಮ ಈಗ ಅದನ್ನು ಕಂಡಕಂಡವರಿಗೆಲ್ಲ ಅಭಿನಯಿಸಿ ತೋರಿಸುತ್ತಾಳೆ. ಪಕ್ಕದ ಎರಡು ದುಗ್ಧರಸ ಗ್ರಂಥಿಗಳಲ್ಲಿ ಕಾಯಿಲೆಯ ಚೂರು ಸಿಕ್ಕಿದ್ದರಿಂದ ಕೀಮೋ ಔಷಧಿ ಹನಿಸುವುದು ಇನ್ನೂ ನಡೆದಿದೆ. ಹನಿಸಿದ ವಾರ ಬಾಯಿಯೆಲ್ಲ ತಗಡಿನ ರುಚಿ. ಊಟದ ಜೊತೆ ಮಾತ್ರೆ ನುಂಗದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಜನವರಿಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಡಾಕ್ಟರು 'ಸದ್ಯಕ್ಕೆ' ಎಂಬ ಮಾತನ್ನು ಸೇರಿಸಿದರು. ನಾನು ಅದನ್ನು ಬಿಡದೆ ಬರೆಯುತ್ತಿದ್ದೇನೆ, ನೋಡು.

ಶನಿವಾರ ಮತ್ತೆ ಬಣ್ಣ ಹಚ್ಚಿದೆ. ಚಿಕ್ಕ ಪಾತ್ರ, ಹಳೆಯ ನಾಟಕವಲ್ಲ. ಮಗನನ್ನು ಹುಡುಕಿಕೊಂಡು ಠಾಣೆಗೆ ಬರುವ ಅಪ್ಪ. ನಾಲ್ಕೇ ಮಾತು. ಒಳಗೆ ಕಾಲಿಟ್ಟಾಗ ಯಾರಿಗೂ ನನ್ನ ಗುರುತು ಸಿಗಲಿಲ್ಲ. ನಾನು ವೇದಿಕೆಗೆ ಬಂದ ಕೂಡಲೇ ಜನ ನಗಬೇಕು, ನಲವತ್ತು ವರ್ಷದಿಂದ ಅದೇ ರೂಢಿ. ಸಭೆ ಮೌನವಾಗಿತ್ತು. ಮೊದಲ ಮಾತು ಆಡಿದೆ, ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮುತ್ತಿದ್ದವರು ಕೆಮ್ಮು ತಡೆದುಕೊಂಡರು. ಅಷ್ಟೇ. ಒಳಗೆ ಬಂದಾಗ ಯಜಮಾನಿ "ಇಷ್ಟು ವರ್ಷ ಎಲ್ಲಿಟ್ಟಿದ್ರಿ ಇದನ್ನ?" ಎಂದರು. ನನಗೇನು ಗೊತ್ತು.

ಈಗ ಪ್ರಶ್ನೆ. ಇಲ್ಲಿನವರೆಲ್ಲ ನನಗೆ ತಿನ್ನು ತಿನ್ನು ಎನ್ನುತ್ತಾರೆ. ಬೆಣ್ಣೆ, ಮೊಟ್ಟೆ, ಕೆನೆ. ನರ್ಸು ತೂಕ ನೋಡಿ ಎರಡು ಕಿಲೋ ಏರಿದೆ ಎಂದು ಚಪ್ಪಾಳೆ ತಟ್ಟಿದಳು. ಎಲ್ಲರೂ ಖುಷಿಯಾಗಿದ್ದರು, ನನಗೆ ಮಾತ್ರ ಬೆವರು ಕಿತ್ತುಕೊಂಡಿತು. ಮೈಗೆ ಕೊಬ್ಬು ಬಂದರೆ ಆ ಹಾರ್ಮೋನುಗಳೂ ಮತ್ತೆ ಬರುತ್ತವಲ್ಲ? ಒಳಗೆಲ್ಲೋ ಒಂದು ಜೀವಕೋಶ ಉಳಿದಿದ್ದರೆ ಅದನ್ನು ಮತ್ತೆ ಎಬ್ಬಿಸುತ್ತವೆಯೇ? ನಾನು ತಿನ್ನಲೋ ಬೇಡವೋ? 'ಸ್ವಲ್ಪ' ಎಂದು ಬರೆಯಬೇಡ.

ಮಾವ


ಮಾರ್ಚ್ ೨

ಮಾವ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಉತ್ತರಕ್ಕಾಗಿ ಇಲ್ಲಿರುವ ಹಿರಿಯರನ್ನೆಲ್ಲ ಕೇಳಿದೆ, ಬಂದಿರುವ ಲೇಖನಗಳನ್ನೆಲ್ಲ ತೆಗೆದು ಓದಿದೆ.

ಗೊತ್ತಿಲ್ಲ.

ಎರಡು ಕಿಲೋಗೆ ಲೆಪ್ಟಿನ್ ಏರುತ್ತದೆಯೇ ಎಂದರೆ, ಹೌದು, ಒಂದಿಷ್ಟು ಏರುತ್ತದೆ. ಅದರಿಂದ ನಿನಗೆ ಕೆಟ್ಟದಾಗುತ್ತದೆಯೇ ಎಂದರೆ ಯಾರಿಗೂ ಗೊತ್ತಿಲ್ಲ. ನನ್ನ ಇಲಿಗಳು ಈ ಪ್ರಶ್ನೆಗೆ ಉತ್ತರ ಹೇಳಲಾರವು. ಅವಕ್ಕೆ ಯಾರೂ ಆಪರೇಷನ್ ಮಾಡಿ ಬೆಣ್ಣೆ ತಿನ್ನಿಸಿಲ್ಲ. ಗೊತ್ತಿರುವುದು ಇಷ್ಟೇ: ಔಷಧಿ ಹನಿಸುವಾಗ ಇಳಿದುಹೋಗುವವರಿಗಿಂತ ತೂಕ ಉಳಿಸಿಕೊಂಡವರು ಅದನ್ನು ಚೆನ್ನಾಗಿ ತಡೆದುಕೊಳ್ಳುತ್ತಾರೆ. ಮೊದಲು ನೀನು ಈ ಔಷಧಿಯನ್ನು ದಾಟಬೇಕು. ಆದ್ದರಿಂದ ತಿನ್ನು. ಗುಡಾಣವಾಗುವಷ್ಟು ಬೇಡ, ಅಂಗಿಯೊಳಗೆ ನೀನೇ ಇರುವಷ್ಟು.

ಇದು ತಪ್ಪಾಗಿದ್ದರೆ ನಾನು ಹೇಳಿಕೊಟ್ಟ ತಪ್ಪು. ಅದನ್ನೂ ತಿಳಿದೇ ಬರೆಯುತ್ತಿದ್ದೇನೆ.

ಏಪ್ರಿಲ್ ಸ್ಕ್ಯಾನಿಗೆ ರಜೆ ಹಾಕಿದ್ದೇನೆ. ಆಸ್ಪತ್ರೆಯ ಮುಂದಿನ ಬೆಂಚಿನವರೆಗೆ ಮಾತ್ರವಲ್ಲ, ಒಳಗಿನವರೆಗೂ ನಿನ್ನ ಜೊತೆ ಬರುತ್ತೇನೆ. ವರದಿಯ ಲಕೋಟೆಯನ್ನು ನೀನು ಒಡೆಯಬೇಡ, ನಾನೂ ಮುಂಚೆ ಇಣುಕುವುದಿಲ್ಲ. ಇಬ್ಬರೂ ಪಕ್ಕಪಕ್ಕ ಕೂತು ಓದೋಣ. ಅರ್ಥವಾಗದ ಮಾತುಗಳನ್ನು ನಾನು ಬಿಡಿಸಿ ಹೇಳುತ್ತೇನೆ, ಒಂದನ್ನೂ ನುಂಗದೆ.

ಈಗ ಮಧ್ಯಾಹ್ನವಾಗಿದೆ. ಅಲ್ಲಿ ಊಟದ ಹೊತ್ತು. ಕಾಗದ ಮಡಿಚಿಟ್ಟು ಹೋಗಿ ಉಣ್ಣು.

ನಿನ್ನ ಸೊಸೆ